ಪೈಲಟ್‌ಗಳಿಗೆ ಯೂನಿಫಾರ್ಮ್ ಬಗ್ಗೆ ಅಷ್ಟೊಂದು ಶಿಸ್ತು ಯಾಕೆ? ಕಾಕ್‌ಪಿಟ್ ಒಳಗೆ ಯಾರು ನೋಡ್ತಾರೆ?

ಚಿತ್ರದುರ್ಗದಿಂದ ಕೇಳಿದ್ದೀರಿ. ನಿಮ್ಮ ತಮ್ಮ ಫ್ಲೈಯಿಂಗ್ ಸ್ಕೂಲಿಗೆ ಸೇರಿದ್ದಾನೆ, ಶರ್ಟಿಗೆ ಇಸ್ತ್ರಿ ಇಲ್ಲ, ಶೂಗೆ ಪಾಲಿಶ್ ಇಲ್ಲ ಅಂತ ದಿನಾ ಬೈಸಿಕೊಳ್ಳುತ್ತಾನೆ, ಬಾಗಿಲು ಹಾಕಿಕೊಂಡು ಕೂರುವ ಕೆಲಸಕ್ಕೆ ಈ ಶೋಕಿ ಯಾಕೆ, ಪೈಲಟ್‌ಗಳು ಇದನ್ನು ನಿಜಕ್ಕೂ ಒಪ್ಪುತ್ತಾರಾ ಎಂದು.

ನಾನು ದಾವಣಗೆರೆಯವಳು. ಏರ್‌ಬಸ್ 320 ವಿಮಾನದಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಜೊತೆಗಿನ ಸಹ ಪೈಲಟ್. ಬಲಗಡೆ ಸೀಟು, ಭುಜದ ಮೇಲೆ ಮೂರು ಪಟ್ಟೆ. ನಮ್ಮಪ್ಪ ಚೌಕಿಪೇಟೆಯಲ್ಲಿ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಬಟ್ಟೆಯ ಕಡೆಯಿಂದಲೂ ವಿಮಾನದ ಕಡೆಯಿಂದಲೂ ಈ ಪ್ರಶ್ನೆ ನನ್ನದೇ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಅಪ್ಪನಿಂದಲೇ ಶುರು ಮಾಡುತ್ತೇನೆ. ಕೆಲಸ ಸಿಕ್ಕಾಗ ಕಂಪನಿ ಕೊಟ್ಟ ಶರ್ಟು ನನ್ನ ಭುಜಕ್ಕೆ ಕೂರಲಿಲ್ಲ. ಗಂಡಸರ ಅಳತೆಗೆ ಕತ್ತರಿಸಿ, ಹೆಂಗಸರಿಗೆ ಅಂತ ಸೊಂಟ ಮಾತ್ರ ಹಿಡಿದಿದ್ದರು. ಪಟ್ಟೆ ಸಿಕ್ಕಿಸುವ ಲೂಪು ಭುಜದಿಂದ ಜಾರಿ ತೋಳಿನ ಮೇಲೆ ಬರುತ್ತಿತ್ತು. ಅದನ್ನು ಊರಿಗೆ ತೆಗೆದುಕೊಂಡು ಬಂದೆ. ಅಪ್ಪ ಟೇಪು ಹಿಡಿಯುವ ಮೊದಲು ಶರ್ಟನ್ನು ಒಳಮಗ್ಗುಲಿಗೆ ತಿರುಗಿಸಿ, ಅಂಚಿನಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಹಿಡಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಇದು ಚುರುಟಿ, ಕರಗಿ, ಸಾಸಿವೆಯಷ್ಟು ಕರಿ ಗುಂಡಾಗಿ ಗಟ್ಟಿಯಾಯಿತು. "ಪಾಲಿಯೆಸ್ಟರ್ ಜಾಸ್ತಿ ಐತವ್ವ. ಬೆಂಕಿ ಹತ್ತಿದ್ರೆ ಇದು ಉರಿಯಲ್ಲ, ಕರಗಿ ಮೈಗೆ ಅಂಟ್ಕಂತೈತಿ. ನೀನು ಮಾಡೋ ಕೆಲಸಕ್ಕೆ ಇದು ಬ್ಯಾಡ" ಅಂದರು. ಅವರು ಅಲ್ಲಿಯವರೆಗೆ ವಿಮಾನ ಹತ್ತಿದವರೇ ಅಲ್ಲ. ಕೆಲವು ತಿಂಗಳ ಮೇಲೆ ಸೇಫ್ಟಿ ಟ್ರೈನಿಂಗಿನಲ್ಲಿ, ಹೊಗೆ ತುಂಬಿದ ಮಾದರಿ ಕ್ಯಾಬಿನ್ನಿನಿಂದ ಹೊರಬಂದು ಕೂತಾಗ, ಇನ್‌ಸ್ಟ್ರಕ್ಟರ್ ಅದೇ ಮಾತು ಹೇಳಿದರು: ಆದಷ್ಟು ಹತ್ತಿ ಅಥವಾ ಉಣ್ಣೆ ಹಾಕಿ, ಸಿಂಥೆಟಿಕ್ ಕರಗಿ ಚರ್ಮಕ್ಕೆ ಹತ್ತುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನ ದರ್ಜಿಗೆ ಇದು ಗೊತ್ತಿದ್ದದ್ದು ದೊಡ್ಡದಲ್ಲ. ಯೂನಿಫಾರ್ಮ್ ಆರಿಸುವ ಜಾಗದಲ್ಲಿ ಕೂತವರು ಬಣ್ಣ, ಬೆಲೆ, ಸುಕ್ಕು ಬೀಳುತ್ತದೋ ಇಲ್ಲವೋ ಇಷ್ಟನ್ನೇ ನೋಡಿದ್ದರಲ್ಲ, ಅದು ನನಗೆ ಇವತ್ತಿಗೂ ಸಮಾಧಾನವಿಲ್ಲದ ವಿಷಯ.

ಆದ್ದರಿಂದ ನನ್ನ ಉತ್ತರ ಹೀಗಿದೆ: ನಾವು ಒಪ್ಪುತ್ತೇವೆ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ಒಪ್ಪುವುದಿಲ್ಲ. ಕಾರಣವಿರುವ ನಿಯಮಕ್ಕೆ ನಾನು ಪೈಸೆಯಷ್ಟೂ ರಿಯಾಯಿತಿ ಕೊಡುವವಳಲ್ಲ. ಕಾರಣ ಸತ್ತುಹೋಗಿ ನಿಯಮ ಮಾತ್ರ ಉಳಿದಿರುವ ಕಡೆ ಬಿಟ್ಟುಬಿಡಿ ಎಂದು ಬರೆದು ಕೊಡುತ್ತೇನೆ.

ಈ ಬಟ್ಟೆ ಎಲ್ಲಿಂದ ಬಂತು ಅನ್ನುವುದು ಸಣ್ಣ ಕಥೆ. ಮೊದಮೊದಲ ಪೈಲಟ್‌ಗಳದ್ದು ಚರ್ಮದ ಜಾಕೆಟ್ಟು, ಕುತ್ತಿಗೆಗೆ ಸ್ಕಾರ್ಫು. ತೆರೆದ ಕಾಕ್‌ಪಿಟ್ಟಿನ ಚಳಿಗೆ, ಎಂಜಿನ್ನಿನಿಂದ ಸಿಡಿಯುವ ಎಣ್ಣೆಗೆ ಅದು ಬೇಕಿತ್ತು. 1930ರ ದಶಕದಲ್ಲಿ ಅಮೆರಿಕದ ಪ್ಯಾನ್ ಆಮ್ ಕಂಪನಿ ನೀರಿನ ಮೇಲೆ ಇಳಿಯುವ ವಿಮಾನಗಳನ್ನು ಸಮುದ್ರ ದಾಟಿಸಲು ಶುರು ಮಾಡಿದಾಗ, ಹೆದರಿದ ಪ್ರಯಾಣಿಕರಿಗೆ ಧೈರ್ಯ ಬರಲಿ ಎಂದು ಪೈಲಟ್‌ಗಳಿಗೆ ಹಡಗಿನ ಅಧಿಕಾರಿಗಳ ಕಡುಬಣ್ಣದ ಕೋಟು, ಕ್ಯಾಪು, ಪಟ್ಟೆ ಹಾಕಿಸಿತು. ಕ್ಯಾಪ್ಟನ್, ಫಸ್ಟ್ ಆಫೀಸರ್ ಅನ್ನುವ ಹೆಸರುಗಳೂ ಹಡಗಿನವೇ. ಕ್ಯಾಪ್ಟನ್ನಿಗೆ ನಾಲ್ಕು ಪಟ್ಟೆ, ನನ್ನಂಥವರಿಗೆ ಮೂರು. 2023ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ವಸ್ತ್ರವಿನ್ಯಾಸಕ ಮನೀಶ್ ಮಲ್ಹೋತ್ರಾ ಅವರಿಂದ ಹೊಸ ಯೂನಿಫಾರ್ಮ್ ಮಾಡಿಸಿದಾಗಲೂ ಪೈಲಟ್‌ಗಳಿಗೆ ಬಂದದ್ದು ಎರಡು ಸಾಲು ಗುಂಡಿಯ ಕಪ್ಪು ಡಬಲ್ ಬ್ರೆಸ್ಟೆಡ್ ಸೂಟೇ. ತೊಂಬತ್ತು ವರ್ಷವಾದರೂ ಹಡಗು ನಮ್ಮ ಮೈಮೇಲಿಂದ ಇಳಿದಿಲ್ಲ.

ಈಗ ಕಾರಣವಿರುವ ನಿಯಮಗಳಿಗೆ ಬರೋಣ. ಕೂದಲು, ಗಡ್ಡ. ಕಾಕ್‌ಪಿಟ್ಟಿನ ಆಕ್ಸಿಜನ್ ಮಾಸ್ಕನ್ನು ಒಂದೇ ಕೈಯಲ್ಲಿ, ಐದು ಸೆಕೆಂಡಿನೊಳಗೆ ಹಾಕಿಕೊಳ್ಳಲು ಬರಬೇಕು. 35,000 ಅಡಿಯಲ್ಲಿ ಕ್ಯಾಬಿನ್ನಿನ ಒತ್ತಡ ಹೋದರೆ ಬುದ್ಧಿ ನೆಟ್ಟಗಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಮಾಸ್ಕಿನ ಪಟ್ಟಿ ಗಾಳಿ ತುಂಬಿ ಉಬ್ಬಿ, ತಲೆಯ ಹಿಂದೆ ಹೋಗಿ ಬಿಗಿಯುತ್ತದೆ. ನಾನು ತರಬೇತಿಯ ಮೊದಲ ದಿನ ನೆತ್ತಿಯ ಮೇಲೆ ತುರುಬು ಕಟ್ಟಿ, ದೊಡ್ಡ ಕ್ಲಿಪ್ ಹಾಕಿಕೊಂಡು ಹೋಗಿದ್ದೆ. ಪಟ್ಟಿ ಕ್ಲಿಪ್ಪಿಗೆ ಸಿಕ್ಕಿ ಮಾಸ್ಕ್ ಓರೆಯಾಯಿತು. ಅವತ್ತಿನಿಂದ ತುರುಬು ಕತ್ತಿನ ಹತ್ತಿರ, ಕಬ್ಬಿಣದ ಕ್ಲಿಪ್ ಇಲ್ಲ. ಇದನ್ನು ಯಾರೂ ನನಗೆ ಚೆಂದಕ್ಕಾಗಿ ಹೇಳಿದ್ದಲ್ಲ. ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೆಂಗಸರು, ಜಗತ್ತಿನ ಸರಾಸರಿಗಿಂತ ಬಹಳ ಮುಂದೆ. ಹಾಗಿದ್ದೂ ಇಂಥ ಮಾತನ್ನು ನಾವು ಒಬ್ಬರಿಂದೊಬ್ಬರು ಕೇಳಿ ಕಲಿಯಬೇಕಾಗಿದೆ.

ಗಡ್ಡದ ವಿಷಯದಲ್ಲಿ ಮಾಸ್ಕ್ ಸೋರುತ್ತದೆ ಎಂಬ ಕಾರಣ ಕೊಟ್ಟು ಎಷ್ಟೋ ಕಂಪನಿಗಳು ಬೇಡ ಅನ್ನುತ್ತಿದ್ದವು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಗಡ್ಡ ಬಿಟ್ಟವರನ್ನು ಕಡಿಮೆ ಒತ್ತಡದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಆಮ್ಲಜನಕದಲ್ಲಿ ತೊಂದರೆಯಾಗುವಷ್ಟು ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಏರ್ ಕೆನಡಾ ತನ್ನ ಪೈಲಟ್‌ಗಳಿಗೆ ಚಿಕ್ಕದಾಗಿ ಕತ್ತರಿಸಿದ ಗಡ್ಡಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಸಿಖ್ ಕ್ಯಾಪ್ಟನ್‌ಗಳು ಗಡ್ಡ, ಪೇಟ ಎರಡರ ಜೊತೆಗೂ ಹಾರಿಸಿಕೊಂಡು ಬಂದಿದ್ದಾರೆ. ನಿಯಮವನ್ನು ಹೀಗೆ ಪರೀಕ್ಷೆಗೆ ಒಡ್ಡಿ ಉಳಿಸಬೇಕು, ಇಲ್ಲ ಬಿಡಬೇಕು.

ಕ್ಯಾಪ್ ಬಗ್ಗೆ ನನಗೆ ಪ್ರೀತಿ ಇಲ್ಲ. ಓಡುವ ಎಂಜಿನ್ನಿನ ಹತ್ತಿರ ತಲೆಯಿಂದ ಹಾರಬಹುದಾದ ವಸ್ತು ಅದು. ಐಡಿ ಕಾರ್ಡಿನ ದಾರವನ್ನೂ ವಿಮಾನ ಸುತ್ತಿ ನೋಡುವಾಗ ಶರ್ಟಿನೊಳಗೆ ಸೇರಿಸುತ್ತೇವೆ. ಕೂಲಿಂಗ್ ಗ್ಲಾಸ್ ಪೋಲರೈಸ್ಡ್, ಅಂದರೆ ಹೊಳಪು ತಡೆಯುವ ಗಾಜಿನದ್ದು ಆಗಿರಬಾರದು, ಎದುರಿನ ಪರದೆಗಳು ಕಪ್ಪಾಗಿ ಕಾಣಬಹುದು. ಟೈ ಎಳೆದರೆ ಕಳಚಿ ಬರುವ ಕ್ಲಿಪ್ಪಿನದ್ದಾದರೆ ಒಳ್ಳೆಯದು. ಮೌತ್‌ವಾಶ್ ಕೂಡ ಇಲ್ಲ, ಅದರಲ್ಲಿ ಆಲ್ಕೋಹಾಲ್ ಇದ್ದರೆ ಹಾರಾಟಕ್ಕೆ ಮುಂಚಿನ ಉಸಿರು ಪರೀಕ್ಷೆಗೆ ತೊಡಕು ಎಂದು ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಷೇಧಿಸಿದೆ.

ಇನ್ನು ನೀವು ಕೇಳಿದ ಮುಖ್ಯ ಮಾತು, ಬಾಗಿಲು ಹಾಕಿದ ಮೇಲೆ ಯಾರು ನೋಡುತ್ತಾರೆ ಅನ್ನುವುದು. ಪಕ್ಕದ ಸೀಟಿನವರು ನೋಡುತ್ತಾರೆ. ನಮ್ಮ ಕೆಲಸದಲ್ಲಿ ಜೊತೆಗೆ ಹಾರುವವರು ಎಷ್ಟೋ ಸಲ ಅವತ್ತೇ ಮೊದಲ ಬಾರಿ ಸಿಗುತ್ತಾರೆ. ಹಾರುವುದಕ್ಕೆ ಗಂಟೆ ಮುಂಚೆ ಪರಿಚಯ. ಆಮೇಲೆ ಇಡೀ ದಿನ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಬೇಕು. ಆ ಮೊದಲ ಐದು ನಿಮಿಷದಲ್ಲಿ ಕಣ್ಣು ತನ್ನಷ್ಟಕ್ಕೆ ತೂಗಿ ನೋಡುತ್ತದೆ. ಸುಕ್ಕು ಶರ್ಟಿನವರು ಚೆನ್ನಾಗಿ ಹಾರಿಸಿದ್ದನ್ನೂ ನಾನು ನೋಡಿದ್ದೇನೆ, ಇಸ್ತ್ರಿಯ ಗೆರೆ ಮುರಿಯದವರು ಚೆಕ್‌ಲಿಸ್ಟ್ ಹಾರಿಸಿ ಓದಿದ್ದನ್ನೂ ನೋಡಿದ್ದೇನೆ. ಬಟ್ಟೆ ಸಾಮರ್ಥ್ಯಕ್ಕೆ ಸಾಕ್ಷಿ ಅಲ್ಲ. ಆದರೆ ನಾನು ಸಿದ್ಧವಾಗಿ ಬಂದಿದ್ದೇನೆ ಎಂದು ಗೊತ್ತಿಲ್ಲದವರಿಗೆ ಬಾಯಿ ತೆರೆಯದೆ ಹೇಳಲು ನನಗಿರುವುದು ಅದೊಂದೇ.

ಪ್ರಯಾಣಿಕರ ವಿಷಯ ಅರ್ಥವಾದದ್ದು ಒಂದು ಮಳೆಗಾಲದ ರಾತ್ರಿ. ಬೆಂಗಳೂರಿನ ಮೇಲೆ ಗುಡುಗು ಮಿಂಚು, ಇಳಿಯಲಾಗದೆ ಚೆನ್ನೈಗೆ ಹೋದೆವು. ಅಲ್ಲಿ ಇಂಧನಕ್ಕಾಗಿ ಸಾಲು. ಒಳಗೆ 180 ಜನ, ಅಳುವ ಮಕ್ಕಳು, ಹಿಂದಿನಿಂದ ಕೂಗಾಟ. ನಾನು ಮಾತಾಡಿ ಬರುತ್ತೇನೆ ಎಂದು ತೋಳು ಮಡಿಚಿಕೊಂಡು, ಟೈ ಇಲ್ಲದೆ, ಭುಜದ ಪಟ್ಟೆ ತೆಗೆದಿಟ್ಟಿದ್ದನ್ನು ಮರೆತು ಹೊರಗೆ ಹೋದೆ. ಮೂರನೇ ಸಾಲಿನ ಒಬ್ಬರು "ನಿಮ್ಮ ಹತ್ರ ಏನು ಮಾತು, ಪೈಲಟ್‌ನ ಕರೀರಿ" ಅಂದರು. ನಾನೇ ಪೈಲಟ್ ಅಂದರೆ ಯಾರೂ ನಂಬುವ ಹಾಗಿರಲಿಲ್ಲ. ವಾಪಸ್ ಬಂದೆ. ಕ್ಯಾಪ್ಟನ್ ಆತುರಪಡಲಿಲ್ಲ. ಮುಖ ತೊಳೆದರು, ತೋಳು ಇಳಿಸಿ ಗುಂಡಿ ಹಾಕಿದರು, ಟೈ ಸಿಕ್ಕಿಸಿದರು, "ನೀವೂ ಪಟ್ಟೆ ಹಾಕಿಕೊಳ್ಳಿ, ಜೊತೆಗೇ ಹೋಗೋಣ" ಅಂದರು. ಮುಂದಿನ ಸಾಲಿನ ಹತ್ತಿರ ನಿಂತು, ಎಷ್ಟು ಇಂಧನ ಬೇಕು, ನಮ್ಮ ಸರದಿ ಎಷ್ಟನೆಯದು, ಡ್ಯೂಟಿ ಸಮಯ ಎಷ್ಟು ಉಳಿದಿದೆ ಎಲ್ಲ ಬಿಡಿಸಿ ಹೇಳಿದರು. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಜನ ಕೂತರು. ಅವತ್ತು ಬೆಂಕಿ ಬಿದ್ದಿದ್ದರೆ, ಯಾರ ಮಾತು ಕೇಳಬೇಕು ಎಂದು ಕತ್ತಲಲ್ಲಿ ಅವರು ಹುಡುಕಬೇಕಾಗುತ್ತಿತ್ತು. ನಾನು ಇದನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನಿಮ್ಮ ಚಳ್ಳಕೆರೆ ಪಕ್ಕದ ಪರೀಕ್ಷಾ ರನ್‌ವೇಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಒಳಗೆ ಯಾರೂ ಇಲ್ಲದೆ ತಾನೇ ಇಳಿಯಿತಲ್ಲ, ಅದಕ್ಕೆ ಪಟ್ಟೆಯ ಅಗತ್ಯವಿಲ್ಲ. ನಮ್ಮ ಬೆನ್ನ ಹಿಂದೆ ಜನ ಕೂತಿರುತ್ತಾರೆ.

ಈ ಬಟ್ಟೆ ಕಂಡರೆ ಜನ ನಮ್ಮ ಮಾತು ಕೇಳುತ್ತಾರೆ, ಅದೇ ಕಾರಣಕ್ಕೆ ಡ್ಯೂಟಿ ಮುಗಿದ ಮೇಲೆ ಯೂನಿಫಾರ್ಮ್ ಹಾಕುವುದಿಲ್ಲ. ಊರಿಗೆ ಬರುವಾಗ ಬೆಂಗಳೂರಿನಲ್ಲೇ ಬಟ್ಟೆ ಬದಲಿಸಿ ವಂದೇ ಭಾರತ್ ಹತ್ತುತ್ತೇನೆ. ಹರಿಹರದಲ್ಲಿ ದೊಡ್ಡಪ್ಪನ ಮಗಳ ಮದುವೆಗೆ ಯೂನಿಫಾರ್ಮಿನಲ್ಲೇ ಬಾ ಎಂದು ದೊಡ್ಡಮ್ಮ ಹಟ ಹಿಡಿದಿದ್ದರು. "ಒಂದು ಫೋಟೋಕ್ಕೆ ಏನು ಹೋಗತೈತವ್ವ?" ಪ್ರೀತಿಯಿಂದ ಕೇಳಿದ್ದು, ಇಲ್ಲ ಅನ್ನುವುದು ಕಷ್ಟವಾಯಿತು. ಆದರೂ ಸೀರೆ ಉಟ್ಟೇ ಹೋದೆ.

ಪೈಲಟ್‌ಗಳಿಗೆ ಬೇಸರ ಬರುವುದು ಎಲ್ಲಿ ಅಂದರೆ, ಕಾಲುಚೀಲದ ಬಣ್ಣಕ್ಕೆ ಮೆಮೊ ಕೊಡುವ ಆಫೀಸು ನಿದ್ದೆಯ ವಿಷಯಕ್ಕೆ ಬಾಯಿ ಮುಚ್ಚಿಕೊಂಡಾಗ. ನನಗೂ ಒಮ್ಮೆ ಹಾಗೆ ಆಗಿದೆ. ಬೆಳಗಿನ ಜಾವದ ಹಾರಾಟಗಳು ಸಾಲಾಗಿ ಬಂದು ಕಣ್ಣು ಉರಿಯುತ್ತಿದ್ದ ವಾರದಲ್ಲಿ, ಶೂ ಹೊಳೆಯುತ್ತಿಲ್ಲ ಎಂದು ಪತ್ರ ಬಂತು. ಶೂ ಪಾಲಿಶ್ ಮಾಡಿದೆ, ಅದು ನನ್ನ ತಪ್ಪೇ. ಕಣ್ಣ ಕೆಳಗಿನ ಕಪ್ಪಿಗೆ ಇಸ್ತ್ರಿ ಹಾಕಲು ಬರುವುದಿಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮವನ್ನು ಡಿಜಿಸಿಎ 2024ರ ಜನವರಿಯಲ್ಲಿ ಪ್ರಕಟಿಸಿತು, ಜಾರಿಗೆ ಬಂದದ್ದು 2025ರ ಜುಲೈನಲ್ಲಿ. ದಣಿಯದ ಮುಖವೂ ಯೂನಿಫಾರ್ಮಿನ ಭಾಗವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಅದನ್ನು ಕೊಡಬೇಕಾದವರು ಕಂಪನಿಯವರು.

ನಿಮ್ಮ ತಮ್ಮನಿಗೆ ಹೇಳಿ, ಬೈಸಿಕೊಂಡಾಗ ಈ ನಿಯಮ ಯಾಕೆ ಎಂದು ಮರ್ಯಾದೆಯಿಂದ ಕೇಳಲಿ, ಒಳ್ಳೆಯ ಇನ್‌ಸ್ಟ್ರಕ್ಟರ್ ಹೇಳುತ್ತಾರೆ. ಶೂ ದಪ್ಪ ಅಟ್ಟೆಯದ್ದು ಬೇಡ, ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಕಾಲಿಗೆ ತಿಳಿಯಬೇಕು. ಬ್ಯಾಗಿನಲ್ಲಿ ಒಂದು ಶರ್ಟು ಹೆಚ್ಚಿಗೆ ಇರಲಿ. ಶರ್ಟು ಹೊಲಿಸುವುದಾದರೆ ಹತ್ತಿಯದ್ದೇ ಹೊಲಿಸಲಿ, ಭುಜದ ಲೂಪು ಹೊಲಿಯುವ ಮುಂಚೆ ಒಂದು ಸಲ ಪಟ್ಟೆ ಸಿಕ್ಕಿಸಿ, ಸೀಟ್ ಬೆಲ್ಟ್ ಭುಜದ ಮೇಲೆ ಎಲ್ಲಿ ಬರುತ್ತದೆ ಎಂದು ದರ್ಜಿಗೆ ತೋರಿಸಲಿ. ಅಲ್ಲಿ ಉಜ್ಜಿದರೆ ಆರು ತಿಂಗಳಿಗೇ ಹರಿಯುತ್ತದೆ.