ಬಾರ್ಲಿ ವೈನ್ ಬಾಟಲಿಗಳನ್ನು ಎಷ್ಟು ವರ್ಷ ಇಡಬಹುದು? ಎಲ್ಲಿಡಬೇಕು, ಹೇಗೆ ರುಚಿ ನೋಡಬೇಕು?

ಮೊದಲು ಒಂದು ಬಾಟಲಿಯನ್ನು ಈ ವಾರವೇ ತೆಗೆಯಿರಿ. ಮ್ಯಾಂಚೆಸ್ಟರಿನಲ್ಲಿ ಜೆ. ಡಬ್ಲ್ಯು. ಲೀಸ್ ಬ್ರೂವರಿಯವರ ಹಾರ್ವೆಸ್ಟ್ ಏಲ್ ಎಂಬ ಬಾರ್ಲಿ ವೈನ್ ಆರು ಬಾಟಲಿ ಕೊಂಡಿದ್ದೀರಿ, ಹತ್ತು ವರ್ಷ ಮುಟ್ಟದೆ ಇಟ್ಟು ಆಮೇಲೆ ಊರಿಗೆ ತರುವ ಯೋಚನೆ ಅಂತ ಬರೆದಿದ್ದೀರಿ. ಹೊಸದರ ರುಚಿಯೇ ನಾಲಗೆಗೆ ಗೊತ್ತಿಲ್ಲದಿದ್ದರೆ ಹತ್ತು ವರ್ಷದ ಮೇಲೆ ಅದು ಮಾಗಿದೆಯೋ ಕೆಟ್ಟಿದೆಯೋ ಹೇಗೆ ಗೊತ್ತಾಗಬೇಕು?

ಹೆಸರಲ್ಲಿ ವೈನ್ ಇದ್ದರೂ ಇದು ಬಿಯರೇ. ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಜಾಸ್ತಿ ಹಾಕಿ, ಸಿಹಿಯಾದ ರಸವನ್ನು ಗಟ್ಟಿಯಾಗುವ ತನಕ ಕುದಿಸಿ ಹುದುಗಿಸುತ್ತಾರೆ. ಸಾಮಾನ್ಯವಾಗಿ ಆಲ್ಕೋಹಾಲ್ 8ರಿಂದ 12 ಪ್ರತಿಶತ. ನಿಮ್ಮ ಹಾರ್ವೆಸ್ಟ್ ಏಲ್ 11.5 ಪ್ರತಿಶತದ್ದು. 1986ರಿಂದ ಪ್ರತಿವರ್ಷ ಆ ವರ್ಷದ ಹೊಸ ಫಸಲಿನ ಮಾರಿಸ್ ಆಟರ್ ಬಾರ್ಲಿ ಮತ್ತು ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್‌ನಿಂದ (ಹಾಪ್ಸ್ ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಮಾಡುತ್ತಾರೆ. 275 ಮಿ.ಲೀ. ಪುಟ್ಟ ಬಾಟಲಿ ಎಂದು ಹಗುರವಾಗಿ ಎಣಿಸಬೇಡಿ. ಅದರಲ್ಲಿ ಸುಮಾರು 32 ಮಿ.ಲೀ. ಆಲ್ಕೋಹಾಲ್ ಇದೆ, 5 ಪ್ರತಿಶತದ ಒಂದು ಪೂರ್ತಿ ಪೈಂಟ್ (568 ಮಿ.ಲೀ.) ಬಿಯರಿನಲ್ಲಿ ಇರುವುದು 28. ಒಂದು ಬಾಟಲಿಗೆ ಇಬ್ಬರು ಮೂವರು ಕೂರುವುದು ಸರಿ.

ಬಾಟಲಿಯೊಳಗೆ ವರ್ಷಗಟ್ಟಲೆ ನಡೆಯುವುದು, ನೇರವಾಗಿ ಹೇಳಬೇಕೆಂದರೆ, ನಿಧಾನವಾಗಿ ಕೆಡುವ ಕೆಲಸವೇ. ತುಂಬುವಾಗ ಉಳಿದ ಆಮ್ಲಜನಕ, ಮುಚ್ಚಳದ ಸಂದಿಯಲ್ಲಿ ಎಳೆಎಳೆಯಾಗಿ ಒಳಸೇರುವ ಆಮ್ಲಜನಕ ಎಲ್ಲ ಬಿಯರಿನ ಮೇಲೂ ಕೆಲಸ ಮಾಡುತ್ತವೆ. ತೆಳ್ಳನೆಯ ಲಾಗರ್ ಆದರೆ ಕೆಲವೇ ತಿಂಗಳಲ್ಲಿ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಬಾರ್ಲಿ ವೈನ್‌ನಲ್ಲಿ ಆಲ್ಕೋಹಾಲ್, ಹುದುಗದೆ ಉಳಿದ ಸಿಹಿ, ಮಾಲ್ಟಿನ ಬಣ್ಣದ ಅಂಶಗಳು ಮೂರೂ ದಂಡಿಯಾಗಿರುವುದರಿಂದ ಅದೇ ಬದಲಾವಣೆ ಶೆರಿ (ಸ್ಪೇನಿನ ಗಟ್ಟಿ ವೈನ್), ಖರ್ಜೂರ, ಅಂಜೂರ, ಬಾದಾಮಿ ಕಡೆಗೆ ವಾಲುತ್ತದೆ. ಚೆನ್ನಾಗಿ ಮಾಗಿದ್ದನ್ನು ಮೂಸಿದರೆ ಮಲೆನಾಡಿನ ಜೋನಿ ಬೆಲ್ಲ ನೆನಪಾಗುತ್ತದೆ. ಕಹಿ ಇಳಿಯುತ್ತದೆ, ಗಂಟಲು ಸುಡುವ ಆಲ್ಕೋಹಾಲ್ ಮೆತ್ತಗಾಗುತ್ತದೆ.

ಆದರೆ ಇದು ನೇರ ಏಣಿಯಲ್ಲ. ಹಾಪ್ಸ್‌ನ ಪರಿಮಳ ಮೊದಲ ಆರು ತಿಂಗಳಲ್ಲೇ ಬಹುಪಾಲು ಹೋಗುತ್ತದೆ. ಒಂದು ಎರಡು ವರ್ಷದ ಹೊತ್ತಿಗೆ ಹೊಸತನ ಇಲ್ಲ, ಮಾಗಿದ ರುಚಿಯೂ ಬಂದಿಲ್ಲ, ಬರೀ ಮಂಕು. ಅಲ್ಲಿ ತೆಗೆದವರು ‘ಹಳತು ಮಾಡಿ ಹಾಳಾಯ್ತು’ ಅಂದುಕೊಳ್ಳುತ್ತಾರೆ. ಅಮೆರಿಕದ ಬಾರ್ಲಿ ವೈನ್‌ಗಳಲ್ಲಿ ಈ ಮಂಕು ಇನ್ನೂ ಎದ್ದು ಕಾಣುತ್ತದೆ. 1983ರಿಂದ ಬರುತ್ತಿರುವ ಸಿಯೆರಾ ನೆವಾಡಾ ಬ್ರೂವರಿಯ ಬಿಗ್‌ಫುಟ್ ನಿಂತಿರುವುದೇ ಹಾಪ್ಸ್ ಮೇಲೆ. ಅದನ್ನು ಹೊಸದಾಗಿ ಕುಡಿಯಿರಿ, ಇಲ್ಲವೇ ಕನಿಷ್ಠ ನಾಲ್ಕು ವರ್ಷ ಮರೆತುಬಿಡಿ.

ಇಡುವ ಜಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಾಪಮಾನ. 10ರಿಂದ 13 ಡಿಗ್ರಿ, ಏರಿಳಿತ ಇಲ್ಲದೆ. 10 ಡಿಗ್ರಿ ಹೆಚ್ಚಾದರೆ ಹಳತಾಗುವ ವೇಗ ಸುಮಾರು ಎರಡು ಮೂರು ಪಟ್ಟಾಗುತ್ತದೆ, ಅದೂ ಅದೇ ರುಚಿ ಬೇಗ ಬಂತು ಅಂತಲ್ಲ, ಶೆರಿಗಿಂತ ಮೊದಲು ರಟ್ಟು ಬರುತ್ತದೆ. ಮ್ಯಾಂಚೆಸ್ಟರಿನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕಪಾಟು ಸಾಕು, ಬಾಯ್ಲರ್ ಅಥವಾ ಹೀಟರ್ ಪೈಪ್ ಅಲ್ಲಿ ಹಾದುಹೋಗಿರಬಾರದು ಅಷ್ಟೆ. ಒಂದು ಥರ್ಮಾಮೀಟರ್ ಇಟ್ಟು ಚಳಿಗಾಲದಲ್ಲಿ ಹೀಟಿಂಗ್ ಓಡುವಾಗ ಒಮ್ಮೆ ನೋಡಿ. ಕಿಟಕಿ ಹತ್ತಿರ ಬೇಡ, ಬೆಳಕು ಹಾಪ್ಸ್‌ನ ಕಹಿ ಅಂಶವನ್ನು ಒಡೆದು ಸುಟ್ಟ ರಬ್ಬರಿನಂಥ ವಾಸನೆ ಕೊಡುತ್ತದೆ. ಬಿರಡೆ ಒಣಗಬಾರದೆಂದು ವೈನ್ ಬಾಟಲಿ ಮಲಗಿಸುತ್ತಾರೆ. ಇಲ್ಲಿ ತಗಡಿನ ಮುಚ್ಚಳ, ನಿಲ್ಲಿಸಿಯೇ ಇಡಿ. ಗಷ್ಟು ತಳದಲ್ಲಿ ಕೂರುತ್ತದೆ, ಗಾಳಿಗೆ ತಾಗುವ ಮೇಲ್ಮೈಯೂ ಕಡಿಮೆ.

ಬೆಂಗಳೂರಿಗೆ ತರುವುದಾದರೆ ಹತ್ತು ವರ್ಷದ ಕೊನೆಯಲ್ಲಿ ತನ್ನಿ, ಮೊದಲಲ್ಲ. ಏಪ್ರಿಲ್‌ನಲ್ಲಿ ಇಲ್ಲಿನ ಅಲಮಾರಿನೊಳಗೆ ಒಂದು ತಿಂಗಳು ಇಂಗ್ಲೆಂಡಿನ ಎಷ್ಟೋ ತಿಂಗಳ ಸಮ. ಇಲ್ಲಿ ಇಡಲೇಬೇಕಾದರೆ ಫ್ರಿಜ್‌ನ ಕೆಳಗಿನ ಅರೆ. ಮಾಗುವುದೂ ಬಹಳ ನಿಧಾನ, ಕೆಡುವುದೂ ಬಹಳ ನಿಧಾನ. ಮಂಗಳೂರಿನ ಕಡೆಯಾದರೆ ಸೆಖೆಯ ಜೊತೆಗೆ ಮುಚ್ಚಳಕ್ಕೆ ತುಕ್ಕೂ ಬರುತ್ತದೆ.

ಆರು ಬಾಟಲಿಯ ಲೆಕ್ಕ ಹೀಗೆ ಹಾಕಬಹುದು: ಒಂದು ಈಗ, ಮುಂದಿನದು ಮೂರು ವರ್ಷಕ್ಕೆ, ಐದಕ್ಕೆ ಎರಡು, ಎಂಟಕ್ಕೆ ಒಂದು, ಕೊನೆಯದು ನಿಮ್ಮ ಹತ್ತಕ್ಕೆ. ಐದಕ್ಕೆ ಎರಡು ಏಕೆಂದರೆ ಹಳೆಯ ಬಾಟಲಿಗಳು ಒಂದರಂತೆ ಒಂದಿರುವುದಿಲ್ಲ, ಒಂದರ ಮುಚ್ಚಳ ಸರಿ ಕೂತಿರದಿದ್ದರೆ ಪೂರ್ತಿ ತೀರ್ಪೇ ತಪ್ಪುತ್ತದೆ. ರಟ್ಟಿನ ವಾಸನೆ ಎರಡರಲ್ಲೂ ಕಂಡರೆ ಕಾಯಬೇಡಿ, ಉಳಿದವನ್ನು ಆರು ತಿಂಗಳಲ್ಲಿ ಮುಗಿಸಿ. ಡಾರ್ಚೆಸ್ಟರಿನ ಎಲ್ಡ್ರಿಜ್ ಪೋಪ್‌ನವರು 1968ರಲ್ಲಿ ಮಾಡಿದ ಥಾಮಸ್ ಹಾರ್ಡಿಸ್ ಏಲ್ 25 ವರ್ಷ ಉಳಿಯುತ್ತದೆ ಎಂಬ ಭರವಸೆಯೊಂದಿಗೆ ಮಾರಾಟವಾಗುತ್ತಿತ್ತು, ಅದನ್ನೇ ಎಲ್ಲ ಬಾಟಲಿಗೂ ಅಂಟಿಸುವುದು ಅತಿಯಾಯಿತು.

ಕುಡಿಯುವ ಎರಡು ದಿನ ಮುಂಚಿನಿಂದ ಬಾಟಲಿ ಅಲುಗಿಸಬೇಡಿ. ಫ್ರಿಜ್‌ನಲ್ಲಿದ್ದರೆ ಮುಕ್ಕಾಲು ಗಂಟೆ ಮೊದಲು ಹೊರಗಿಡಿ, 12–14 ಡಿಗ್ರಿ ಬರಲಿ. ತೀರಾ ತಣ್ಣಗಿದ್ದರೆ ಬರೀ ಸಿಹಿ, ಕಹಿ ಅಷ್ಟೇ ಸಿಗುತ್ತದೆ. ಬ್ರಾಂಡಿ ಕುಡಿಯುವ ಹೊಟ್ಟೆಗ್ಲಾಸ್ ಒಳ್ಳೆಯದು, ಸೋಪಿನ ಜಿಡ್ಡು ಇರಬಾರದು. ಗ್ಲಾಸ್ ಓರೆ ಹಿಡಿದು 80 ಮಿ.ಲೀ.ಯಷ್ಟು ಒಂದೇ ಬಾರಿಗೆ ಸುರಿಯಿರಿ. ತಳದಲ್ಲಿ ಗಷ್ಟಿದ್ದರೆ ಕೊನೆಯ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡಿ. ಮೂಸಿ, ಬರೆದು, ಆಮೇಲೆ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಮೂಸಿ. ಬೆಚ್ಚಗಾದಂತೆ ಹಣ್ಣು ಮುಂದೆ ಬರುತ್ತದೆ, ದೋಷವೂ ಮುಂದೆ ಬರುತ್ತದೆ.

ನೊರೆ ಏಳದಿದ್ದರೆ ಗಾಬರಿ ಬೇಡ, ಹಳೆಯದರಲ್ಲಿ ಗ್ಯಾಸ್ ಕಡಿಮೆ. ಮುಚ್ಚಳ ತೆಗೆದೊಡನೆ ಉಕ್ಕಿ ಹರಿದು, ಬಾಯಲ್ಲಿ ಚುರ್ರೆನ್ನುವ ಹುಳಿಯೂ ಇದ್ದರೆ ಬೇರೆ ಸೂಕ್ಷ್ಮಜೀವಿ ಸೇರಿದೆ ಎಂದರ್ಥ. ಸೋಯಾ ಸಾಸ್ ಅಥವಾ ಮಾಂಸದ ಸಾರಿನ ವಾಸನೆ ಬಂದರೆ ತಳದ ಯೀಸ್ಟ್ ಸತ್ತು ಒಡೆದಿದೆ. ಸ್ವಲ್ಪ ಇದ್ದರೆ ಹಿತ, ಜಾಸ್ತಿಯಾದರೆ ಕುಡಿಯಲಾಗದು. ಜಾಗ ಬೆಚ್ಚಗಿದ್ದಷ್ಟೂ ಇದು ಬೇಗ ಬರುತ್ತದೆ.

ಐದನೆಯ ವರ್ಷ ಅಂಗಡಿಯಿಂದ ಹೊಸ ಹಾರ್ವೆಸ್ಟ್ ಏಲ್ ಒಂದು ತಂದು ಪಕ್ಕದಲ್ಲಿಡಿ. ಇನ್ನೊಬ್ಬರ ಕೈಯಲ್ಲಿ ಮೂರು ಗ್ಲಾಸ್ ತುಂಬಿಸಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಮತ್ತೊಂದು. ಬಣ್ಣ ಗುಟ್ಟು ಬಿಟ್ಟುಕೊಡದಂತೆ ಕಣ್ಣು ಮುಚ್ಚಿಕೊಂಡು ಬೇರೆ ಯಾವುದೆಂದು ಹೇಳಲು ನೋಡಿ. ಆಗದಿದ್ದರೆ ‘ಎಷ್ಟು ಮಾಗಿದೆ’ ಅನ್ನುವ ಮಾತನ್ನು ಆ ಸಂಜೆ ಪಕ್ಕಕ್ಕಿಡಬಹುದು. ಹೆಸರು ಗೊತ್ತಿದ್ದು ಕುಡಿಯುವಾಗಲಾದರೆ ಹಳೆಯದು ಮೊದಲು, ಹೊಸದರ ಕಹಿ ಕೂತರೆ ನಾಲಗೆಗೆ ಹಳೆಯದರ ನಯ ಸಿಗುವುದಿಲ್ಲ. ಲಂಡನ್ನಿನ ಫುಲ್ಲರ್ಸ್ ಬ್ರೂವರಿಯ ವಿಂಟೇಜ್ ಏಲ್‌ನಲ್ಲಿ ಇಂಥ ಹೋಲಿಕೆಗೆ ಒಂದು ತೊಡಕಿದೆ: ಎಷ್ಟೋ ವರ್ಷ ಮಾಲ್ಟ್, ಹಾಪ್ಸ್ ಬದಲಾಗಿರುವುದರಿಂದ ವ್ಯತ್ಯಾಸವೆಲ್ಲ ವಯಸ್ಸಿನದಲ್ಲ.

ನಡುವೆ ನೀರು, ಸಪ್ಪೆ ಬ್ರೆಡ್. ರುಚಿ ನೋಡಿ ಮುಗಿದ ಮೇಲೆ ಸ್ಟಿಲ್ಟನ್‌ನಂಥ ಉಪ್ಪುಪ್ಪು ನೀಲಿ ಚೀಸ್ ತನ್ನಿ. ಕಾಯಿ ಹೋಳಿಗೆ ಬೇಡ, ಸಿಹಿಯ ಮೇಲೆ ಸಿಹಿ ಬಿದ್ದು ಬಿಯರ್ ಬರೀ ಕಹಿಯಾಗಿ ಕಾಣುತ್ತದೆ.