ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಮೇಲೆ

ಪ್ರಶ್ನೆ: ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಮ್ಮನನ್ನು ಐದು ವರ್ಷ ಮನೆಯಲ್ಲೇ ನೋಡಿಕೊಂಡೆ. ರಾತ್ರಿ ಬಾಗಿಲು ತೆಗೆದು ಹೊರಟುಬಿಡುತ್ತಿದ್ದರು, ಎರಡು ಸಲ ಬಿದ್ದರು. ಕಳೆದ ತಿಂಗಳು ಆರೈಕೆ ಕೇಂದ್ರಕ್ಕೆ ಸೇರಿಸಿದೆ. ಹೋದಾಗಲೆಲ್ಲ “ಮನೆಗೆ ಕರ್ಕೊಂಡು ಹೋಗು” ಎಂದು ಅಳುತ್ತಾರೆ. ನನಗೆ ಊಟ ಸೇರುವುದಿಲ್ಲ, ನಡುರಾತ್ರಿ ಎಚ್ಚರವಾಗುತ್ತದೆ. ಒಮ್ಮೊಮ್ಮೆ ಹಗುರವೆನಿಸಿ, ಅದಕ್ಕೇ ನಾಚಿಕೆಯಾಗುತ್ತದೆ. ಅಮ್ಮನನ್ನು ಕೈಬಿಟ್ಟೆನೇ?

ಉತ್ತರ: ಇಲ್ಲ. ರಾತ್ರಿ ಓಡಾಟ, ಬೀಳುವುದು ಶುರುವಾದ ಮೇಲೆ ಹಗಲೂ ರಾತ್ರಿ ಒಬ್ಬರೇ ಕಾಯುವುದು ಆಗದ ಮಾತು. ಕೇಂದ್ರದಲ್ಲಿ ಅದೇ ಕೆಲಸವನ್ನು ಪಾಳಿಯ ಮೇಲೆ ಹಲವರು ಮಾಡುತ್ತಾರೆ. ನಿಮ್ಮನ್ನು ಕಾಡುತ್ತಿರುವುದರಲ್ಲಿ ಬಹುಪಾಲು ದುಃಖವೇ. ಎದುರಿಗೇ ಇರುವವರು ದಿನದಿನಕ್ಕೆ ಕಳೆದುಹೋಗುವ ಈ ಸ್ಥಿತಿಯನ್ನು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಿಂದ ‘ಅಸ್ಪಷ್ಟ ನಷ್ಟ’ ಎಂದು ವಿವರಿಸುತ್ತ ಬಂದಿದ್ದಾರೆ. ಸಾವಾದರೆ ಜನ ಬಂದು ಸಮಾಧಾನ ಹೇಳುತ್ತಾರೆ, ಇದಕ್ಕೆ ಯಾರೂ ಬರುವುದಿಲ್ಲ. ಒಳಗೇ ಉಳಿದ ಆ ದುಃಖ ‘ನಾನೇ ತಪ್ಪು ಮಾಡಿದೆ’ ಎನ್ನತೊಡಗುತ್ತದೆ. ಹಗುರವೆನಿಸಿದ್ದಕ್ಕೆ ನಾಚಿಕೆ ಬೇಡ. ವರ್ಷಗಟ್ಟಲೆ ನಿದ್ದೆಗೆಟ್ಟ ದೇಹಕ್ಕೆ ಹೊರೆ ಇಳಿದದ್ದು ಗೊತ್ತಾಗಿದೆ, ಅಷ್ಟೆ.

ಇನ್ನು ಅಮ್ಮನ ಅಳು. ಸ್ವಂತ ಮನೆಯಲ್ಲಿ ಕೂತೇ “ಮನೆಗೆ ಹೋಗೋಣ” ಎನ್ನುವ ರೋಗಿಗಳಿದ್ದಾರೆ. ಅದರ ಹಿಂದೆ ಭಯವೋ, ಬೇಸರವೋ, ಹಸಿವೋ, ನೋವೋ, ಶೌಚಕ್ಕೆ ಹೋಗುವ ಅವಸರವೋ ಇರಬಹುದು. ಮೊದಲು ಅವನ್ನು ವಿಚಾರಿಸಿ. “ಇದೇ ನಿನ್ನ ಮನೆ” ಎಂದು ವಾದಕ್ಕಿಳಿಯಬೇಡಿ, “ನಾಳೆ ಕರ್ಕೊಂಡು ಹೋಗ್ತೀನಿ” ಎಂದು ಮಾತೂ ಕೊಡಬೇಡಿ. “ಮನೆ ನೆನಪಾಯ್ತಾ ಅಮ್ಮ? ನಾನಿದ್ದೀನಲ್ಲ” ಎಂದು ಕೈ ಹಿಡಿದು ಕೂರಿ. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಫೋಟೋ, ಮಡಿಸಲು ಒಂದಿಷ್ಟು ಬಟ್ಟೆ ಕೈಗೆ ಕೊಡಿ.

ಹೊತ್ತಿಳಿದಂತೆ ಎಷ್ಟೋ ರೋಗಿಗಳಿಗೆ ತಳಮಳ ಹೆಚ್ಚುತ್ತದೆ, ಹಾಗಾಗಿ ಸಂಜೆಯ ಭೇಟಿ ಬೇಡ. ಮಧ್ಯಾಹ್ನದ ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಹೋಗಿ, ಸಿಬ್ಬಂದಿ ಊಟಕ್ಕೆ ಕರೆದೊಯ್ಯುವಾಗ ಹೊರಡಿ. ಬ್ಯಾಗು ಅವರ ಕಣ್ಣಿಗೆ ಬೀಳದಿರಲಿ, ನೀವದನ್ನು ಎತ್ತಿಕೊಂಡರೆ ಸಾಕು ಅಳು ಶುರುವಾಗುತ್ತದೆ. ಬಾಗಿಲಲ್ಲಿ ನಿಂತು ವಿದಾಯ ಎಳೆದಷ್ಟೂ ಇಬ್ಬರಿಗೂ ಕಷ್ಟ. ಅರ್ಧ ಗಂಟೆಯ ನಂತರ ನರ್ಸ್‌ಗೆ ಫೋನ್ ಮಾಡಿ, ಎಷ್ಟು ಹೊತ್ತು ಅತ್ತರು ಎಂದು ಕೇಳಿ. ನಿಮ್ಮ ಕಲ್ಪನೆಯಲ್ಲಿ ಅಮ್ಮ ದಿನವಿಡೀ ಅಳುತ್ತಿರುತ್ತಾರೆ, ಅಲ್ಲಿ ಹತ್ತು ನಿಮಿಷಕ್ಕೇ ಮರೆತಿರಬಹುದು. ನಿಜಕ್ಕೂ ದಿನವಿಡೀ ಅಳುತ್ತಿದ್ದರೆ ನೋವು, ಖಿನ್ನತೆ ಇದೆಯೇ ಎಂದು ವೈದ್ಯರು ನೋಡಬೇಕು. ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಸೋಂಕು, ಮಲಬದ್ಧತೆ, ಹೊಸ ಮಾತ್ರೆ ಕಾರಣವಿರಬಹುದು. ಅದನ್ನು ಅಂದೇ ತೋರಿಸಿ.

ಅಮ್ಮನ ಬಗ್ಗೆ ನಿಮಗೆ ಗೊತ್ತಿರುವುದು ಅಲ್ಲಿನವರಿಗೆ ಗೊತ್ತಿಲ್ಲ. ಯಾವ ಹೆಸರಿಗೆ ಓಗೊಡುತ್ತಾರೆ, ಸ್ನಾನಕ್ಕೆ ಯಾವ ಹೊತ್ತು ಒಪ್ಪುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ನೋವಾದರೆ ಮುಖ ಹೇಗೆ ಮಾಡುತ್ತಾರೆ ಎಂಬುದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಲು ಕೊಡಿ. ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣಯಂತ್ರದ ಡಬ್ಬಿಗಳ ಮೇಲೆ ಹೆಸರು ಬರೆಯಿರಿ.

ನಡುರಾತ್ರಿಯ ಎಚ್ಚರ ಹಳೆಯ ಕಾವಲಿನ ಅಭ್ಯಾಸವೂ ಇರಬಹುದು. ಆದರೆ ನಿದ್ದೆ, ಹಸಿವು, ಉತ್ಸಾಹ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ನಿಮ್ಮ ವೈದ್ಯರನ್ನು ಕಾಣಿ, ಅಮ್ಮನ ಆರೈಕೆಯ ವಿಚಾರವನ್ನೂ ಅವರಿಗೆ ಹೇಳಿ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಆ ಕ್ಷಣವೇ ಯಾರಿಗಾದರೂ ತಿಳಿಸಿ, ಅಂದೇ ವೈದ್ಯರ ಬಳಿ ಹೋಗಿ.

ಇನ್ನೊಬ್ಬರ ಪ್ರಶ್ನೆ: ಅಪ್ಪನನ್ನು ಒಂದು ರಾತ್ರಿಯೂ ನೋಡಿಕೊಳ್ಳದ ಅಣ್ಣ, ಕೇಂದ್ರಕ್ಕೆ ಸೇರಿಸಿದ್ದಕ್ಕೆ ಬಯ್ಯುತ್ತಾನೆ. ಏನು ಹೇಳಲಿ?

ಉತ್ತರ: ಸಮರ್ಥನೆ ಕೊಡುತ್ತ ಕೂರಬೇಡಿ. ಅಣ್ಣನನ್ನೂ ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಕಾರಣ ಕೇಳಿಸಿ. ಆಮೇಲೆ ನಿರ್ದಿಷ್ಟ ಕೆಲಸ ವಹಿಸಿ: ವಾರಕ್ಕೊಂದು ಭೇಟಿ, ಇಲ್ಲವೇ ಕೇಂದ್ರದ ಬಿಲ್ಲಿನ ಲೆಕ್ಕ. “ನೀನೂ ಸ್ವಲ್ಪ ನೋಡ್ಕೋ” ಎಂದರೆ ಏನೂ ಆಗುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ ಎಂದು ಹೇಳಬೇಕು.