ಬಲಗೈ ಜೋಮು ಹಿಡಿದಿದೆ, ಹಡಗು ಕರೀತಿದೆ: ಕಳಿಸ್ಲಾ, ತಡೀಲಾ?

"ಅಕ್ಕ, ನಮ್ಮೂರು ಸಕಲೇಶಪುರದ ಹತ್ರ. ನಮ್ಮನೆಯವ್ರು ಕ್ರೂಸ್ ಶಿಪ್‌ನಲ್ಲಿ ರೂಮ್ ಸ್ಟೀವರ್ಡ್, ನಾಲ್ಕು ಕಾಂಟ್ರಾಕ್ಟ್ ಮುಗ್ಸಿದ್ದಾರೆ. ರಜಕ್ಕೆ ಬಂದು ತಿಂಗಳಾಯ್ತು, ಮುಂದಿನ ತಿಂಗಳು ಮತ್ತೆ ಜಾಯಿನ್ ಆಗ್ಬೇಕು. ಬಂದಾಗಿಂದ ಮಾತೇ ಕಮ್ಮಿ. ರಾತ್ರಿ ಎದ್ದು ಬಲಗೈ ಒದರ್ಕೊಂಡು ಕೂತಿರ್ತಾರೆ, ಬೆರಳೆಲ್ಲ ಜೋಮು ಅಂತಾರೆ. ಟೀ ಲೋಟ ಎಡಗೈಲಿ ಹಿಡೀತಾರೆ. ಮಗಳಿಗೆ ಎರಡು ವರ್ಷ, ಕೈ ಜಾರೀತು ಅಂತ ಎತ್ಕೊಳ್ಳೋದೇ ಇಲ್ಲ. ಇದು ಶಿಪ್‌ನಲ್ಲೇ ಶುರುವಾಗಿತ್ತಂತೆ, ಅಲ್ಲಿನ ಡಾಕ್ಟರಿಗೆ ಹೇಳಿದ್ರೆ ಮನೆಗೆ ಕಳಿಸ್ಬಿಡ್ತಾರೆ ಅಂತ ಪೇನ್‌ಕಿಲ್ಲರ್ ನುಂಗಿ ಕಾಂಟ್ರಾಕ್ಟ್ ಮುಗ್ಸಿದ್ರಂತೆ. ಬೆಂಗಳೂರಿನ ಏಜೆಂಟ್ 'ಕೈ ವಿಷ್ಯ ಬಾಯಿ ಬಿಡ್ಬೇಡಿ, ಮೆಡಿಕಲ್ ನಾವ್ ನೋಡ್ಕೋತೀವಿ, ಸ್ವಲ್ಪ ಖರ್ಚಾಗುತ್ತೆ' ಅಂದಿದ್ದಾನೆ. ಮನೆ ಕಟ್ಟಿದ ಸಾಲ ಇನ್ನೂ ಇದೆ. ನಮ್ಮತ್ತೆ 'ಫೈವ್ ಸ್ಟಾರ್ ಹಡಗಲ್ಲಿ ಬೆಡ್‌ಶೀಟ್ ಹಾಸೋಕೇನು ಕಷ್ಟ, ನೀನೇ ಅವ್ನ ತಲೆ ಕೆಡಿಸ್ತಿದ್ದೀಯ' ಅಂತಾರೆ. ಕಳಿಸ್ಲಾ, ತಡೀಲಾ? ತಡೆದ್ರೆ ನಾನು ಸ್ವಾರ್ಥಿನಾ ಅಕ್ಕ?"

ತಂಗಿ, ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಈ ಡೇಟಿಗೆ ಅವ್ರು ಹೋಗೋದು ಬೇಡ. ಹಡಗಿನ ಕೆಲ್ಸಾನೇ ಬಿಟ್ಬಿಡ್ಲಿ ಅಂತ ನಾನು ಹೇಳ್ತಿಲ್ಲ, ಅದು ಅವ್ರು ಕೂತು ಯೋಚ್ನೆ ಮಾಡಿ ತಗೋಬೇಕಾದ ನಿರ್ಧಾರ, ನೀನೂ ಅಲ್ಲ ನಿಮ್ಮತ್ತೆನೂ ಅಲ್ಲ. ಆದ್ರೆ ಕೈ ಯಾರಿಗೂ ತೋರಿಸ್ದೆ, ಏಜೆಂಟ್ ಮಾತು ಕೇಳಿ ಮುಚ್ಚಿಟ್ಕೊಂಡು ಹೋದ್ರೆ ಕೈಯೂ ಹೋಗುತ್ತೆ, ಆ ಕೈಗೆ ಕಂಪನಿಯಿಂದ ಬರ್ಬೇಕಾದ್ದೂ ಹೋಗುತ್ತೆ. ನೀನು ಸ್ವಾರ್ಥಿ ಅಲ್ಲ ಕಣಮ್ಮ. ಆ ಮನೇಲಿ ಅವ್ರ ಕೈ ಕಡೆ ನೋಡ್ತಿರೋಳು ಸದ್ಯಕ್ಕೆ ನೀನೊಬ್ಳೇ.

ನಿಮ್ಮತ್ತೆ ಮೇಲೆ ನಂಗೆ ಕೋಪ ಇಲ್ಲ. ಅವ್ರು ನೋಡಿರೋದು ಮೊಬೈಲಲ್ಲಿ ಬರೋ ಫೋಟೋ ಮಾತ್ರ, ನೀಲಿ ಸಮುದ್ರ, ಮೇಲಿನ ಡೆಕ್ಕು, ಯೂನಿಫಾರ್ಮ್ ಹಾಕ್ಕೊಂಡು ನಗ್ತಿರೋ ಮಗ. ಮಗ ಮಲಗೋ ಜಾಗದ ಫೋಟೋ ಯಾರೂ ಕಳ್ಸಲ್ಲ ನೋಡು. ಸ್ಟೀವರ್ಡ್‌ಗಳ ರೂಮು ಸಾಮಾನ್ಯವಾಗಿ ಕೆಳಗಿನ ಡೆಕ್ಕಲ್ಲಿ, ಎಷ್ಟೋ ಹಡಗಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿ ಇರಲ್ಲ, ಒಂದರ ಮೇಲೊಂದು ಬಂಕ್, ಅಡ್ಡ ಒಂದು ಕರ್ಟನ್, ಕರ್ಟನ್ ಎಳ್ಕೊಂಡ್ರೆ ಅಷ್ಟೇ ಅವ್ರ ಸ್ವಂತ ಜಾಗ, ರೂಮ್‌ಮೇಟ್‌ದು ಬೇರೆ ಶಿಫ್ಟ್ ಆದ್ರೆ ಅವ್ನ ಅಲಾರಂಗೂ ಎಚ್ಚರ ಆಗುತ್ತೆ. ವಾರದ ರಜ ಅನ್ನೋದು ಇಲ್ಲ. ಏಳು ತಿಂಗಳೋ ಎಂಟು ತಿಂಗಳೋ, ಕಾಂಟ್ರಾಕ್ಟ್ ಮುಗಿಯೋವರೆಗೂ ದಿನಾ ಕೆಲ್ಸ, ಹತ್ತು ಹನ್ನೊಂದು ಗಂಟೆ, ಅದೂ ಒಂದೇ ಸಲಕ್ಕಲ್ಲ, ಬೆಳಿಗ್ಗೆ ಒಂದಷ್ಟು ಮಧ್ಯೆ ಬ್ರೇಕು ಸಂಜೆ ಮತ್ತೊಂದಷ್ಟು.

ಈಗ ಆ "ಬೆಡ್‌ಶೀಟ್ ಹಾಸೋ" ಕೆಲ್ಸಕ್ಕೆ ಬರೋಣ. ಒಬ್ಬ ಸ್ಟೀವರ್ಡಿಗೆ ಹದಿನೈದು ಇಪ್ಪತ್ತೋ ಅದಕ್ಕಿಂತ ಜಾಸ್ತಿನೋ ರೂಮು ಇರುತ್ತೆ, ಕೆಲವು ಹಡಗಲ್ಲಿ ದಿನಕ್ಕೆರಡು ಸಲ ಹೋಗ್ಬೇಕು, ಬೆಳಿಗ್ಗೆ ಕ್ಲೀನಿಂಗು ಸಂಜೆ ಹಾಸಿಗೆ ರೆಡಿ ಮಾಡಿ ಟವಲಲ್ಲಿ ಆನೆ ಹಂಸ ಮಾಡಿಡೋದು. ಹಳೇ ಗೆಸ್ಟ್ ಇಳ್ದು ಹೊಸಬ್ರು ಹತ್ತೋ ದಿನ ಇದ್ಯಲ್ಲ, ಅವತ್ತು ಒಂದೇ ಬೆಳಿಗ್ಗೇಲಿ ಅಷ್ಟೂ ರೂಮಿನ ಎಲ್ಲಾ ಬಟ್ಟೆ ತೆಗ್ದು ಹೊಸದು ಹಾಕ್ಬೇಕು. ಡಬಲ್ ಬೆಡ್ಡಿನ ಹಾಸಿಗೆ ಮೂಲೇನ ಬಲಗೈಲಿ ಎತ್ತಿ ಹಿಡ್ಕೊಂಡು ಎಡಗೈಲಿ ಶೀಟನ್ನ ಒಳಗೆ ಬಿಗಿಯಾಗಿ ತುರುಕ್ಬೇಕು, ನಾಲ್ಕೂ ಮೂಲೆ, ಆಮೇಲೆ ದಿಂಬು, ಆಮೇಲೆ ಡುವೆ (ದಪ್ಪ ಹೊದಿಕೆ) ಕವರು, ಬಾತ್‌ರೂಮ್ ಉಜ್ಜೋದು, ಕೆಮಿಕಲ್ ಸ್ಪ್ರೇ ಬಾಟ್ಲಿ ಒತ್ತಿ ಒತ್ತಿ. ಪ್ರತಿ ಮೂಲೇಲೂ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ನಿಮ್ಮತ್ತೆಗೆ ನಂಬಿಕೆ ಬರ್ದಿದ್ರೆ ಮನೇಲಿರೋ ಹತ್ತಿ ಹಾಸಿಗೇನೇ ಒಂದ್ ಹತ್ತು ಸಲ ಎತ್ತಿ ಹೊದಿಸೋಕೆ ಹೇಳು, ಜಗಳಕ್ಕಲ್ಲ, ನಿಜವಾಗ್ಲೂ ಗೊತ್ತಾಗ್ಲಿ ಅಂತ.

ಇಷ್ಟೆಲ್ಲ ಮಾಡ್ತಾ ಮುಖದಲ್ಲಿ ನಗು ಇರ್ಲೇಬೇಕು, ಯಾಕಂದ್ರೆ ಗೆಸ್ಟ್ ಕೊಡೋ ರೇಟಿಂಗ್ ಮೇಲೆ ಮುಂದಿನ ಪ್ರಮೋಷನ್ನು ನಿಂತಿರುತ್ತೆ, ಟಿಪ್ಸೂ ಸಂಪಾದನೇಲಿ ದೊಡ್ಡ ಪಾಲು. ತಿಂಗಳುಗಟ್ಲೆ "ಗುಡ್ ಮಾರ್ನಿಂಗ್ ಮ್ಯಾಡಂ" ಅಂತ ನಕ್ಕು ನಕ್ಕು ಬಂದ ಮನುಷ್ಯ ಊರಿಗೆ ಬಂದ್ಮೇಲೆ ಸುಮ್ನೆ ಕೂತ್ಕೊಂಡ್ರೆ ಅದನ್ನ ನಿನ್ನ ಮೇಲಿನ ಬೇಸರ ಅಂದ್ಕೋಬೇಡ. ಹಡಗಲ್ಲಿ ದುಡಿದು ಬಂದವ್ರ ಮನೆಯವ್ರು ನಂಗೆ ಬರೆಯೋ ಕಾಗದದಲ್ಲೆಲ್ಲ ಈ ಮೌನದ ಮಾತಿರುತ್ತೆ.

ಹಂಗಂತ ಹಡಗು ನರಕ ಅಂತಾನೂ ಅಲ್ಲ. ಅಲ್ಲಿ ದುಡಿದು ತಂಗಿ ಮದ್ವೆ ಮಾಡಿರೋರು, ತೋಟ ಬಿಡಿಸ್ಕೊಂಡಿರೋರು ನಮ್ಮ ಹಾಸನ ಚಿಕ್ಕಮಗಳೂರು ಕಡೇನೇ ಇದ್ದಾರೆ, ಊಟ ವಸತಿ ಫ್ರೀ ಆಗಿರೋದ್ರಿಂದ ಉಳಿತಾಯ ಆಗುತ್ತೆ, ಒಳ್ಳೆ ಸ್ನೇಹಿತರೂ ಸಿಗ್ತಾರೆ. ನಂಗೆ ಸಿಟ್ಟು ಬರೋದು ಅಲ್ಲಿನ ಹಕ್ಕುಗಳನ್ನ ಹುಡುಗ್ರಿಗೆ ಯಾರೂ ಹೇಳಿ ಕಳ್ಸಲ್ವಲ್ಲ, ಅದಕ್ಕೆ.

ಇನ್ನು ಮುಖ್ಯವಾದ್ದು. ಹಡಗಲ್ಲಿ ದುಡಿಯೋರಿಗೆ ಅಂತಾನೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ 2006 ಅಂತ, ಎಂಎಲ್‌ಸಿ ಅಂತಾರೆ. 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಒಪ್ಕೊಂಡಿದೆ, ಕ್ರೂಸ್ ಹಡಗುಗಳು ಹೆಚ್ಚಾಗಿ ನೋಂದಣಿ ಮಾಡ್ಸಿ ಬಾವುಟ ಹಾಕ್ಕೊಳ್ಳೋ ಬಹಾಮಾಸ್, ಪನಾಮಾನೂ ಒಪ್ಕೊಂಡಿವೆ. ಅದರ ಪ್ರಕಾರ 24 ಗಂಟೇಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ರೆಸ್ಟ್ ಸಿಗ್ಬೇಕು, ಇಲ್ಲಾ ಅಂದ್ರೆ ಕೆಲ್ಸದ ಸಮಯಕ್ಕೆ ಮಿತಿ ಹಾಕ್ಬೇಕು, ದಿನಕ್ಕೆ 14 ವಾರಕ್ಕೆ 72 ಗಂಟೆ ದಾಟೋ ಹಾಗಿಲ್ಲ. ಹಡಗಲ್ಲಿದ್ದಾಗ ಕಾಯಿಲೆ ಆದ್ರೆ, ಪೆಟ್ಟಾದ್ರೆ ಚಿಕಿತ್ಸೆ ಖರ್ಚು ಹಡಗಿನ ಮಾಲೀಕರದ್ದು. ಅರ್ಧದಲ್ಲಿ ಮನೆಗೆ ಕಳಿಸಿದ್ರೂ ಅದು ಮುಗ್ಯಲ್ಲ, ಟಿಕೆಟ್ ಅವ್ರದ್ದೇ, ಚಿಕಿತ್ಸೆ ಖರ್ಚಿಗೆ ಮಿತಿ ಹಾಕಿದ್ರೂ 16 ವಾರಕ್ಕಿಂತ ಕಮ್ಮಿ ಮಾಡೋ ಹಾಗಿಲ್ಲ, ಆ ಟೈಮಲ್ಲಿ ಸಂಬಳ ಪೂರ್ತಿ ಸಿಗುತ್ತಾ ಒಂದು ಪಾಲು ಸಿಗುತ್ತಾ ಅನ್ನೋದು ಅವ್ರ ಕಾಂಟ್ರಾಕ್ಟು, ಯೂನಿಯನ್ ಅಗ್ರಿಮೆಂಟಲ್ಲಿ ಬರ್ದಿರುತ್ತೆ. ಅಂದ್ರೆ "ಡಾಕ್ಟರಿಗೆ ಹೇಳಿದ್ರೆ ಮನೆಗೆ ಕಳಿಸ್ತಾರೆ, ಬರಿಗೈಲಿ ಬರ್ಬೇಕು" ಅನ್ನೋ ಭಯದಲ್ಲಿ ಅವ್ರು ಮಾತ್ರೆ ನುಂಗಿದ್ರಲ್ಲ, ಆವತ್ತು ಹೇಳಿದ್ರೆ ಕಾಗದದ ಮೇಲೆ ದಾಖಲೆ ಆಗ್ತಿತ್ತು. ಹೋಗ್ಲಿ ಬಿಡು, ಅದಕ್ಕೆ ಅವ್ರನ್ನ ಬೈಬೇಡ, ಸಾಲ ತಲೆ ಮೇಲಿದ್ದಾಗ ಯಾರಿಗಾದ್ರೂ ಹಂಗೇ ಅನ್ಸುತ್ತೆ.

ಆದ್ರೆ ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲಿದೆ, ಇದನ್ನ ಅವ್ರಿಗೆ ಎರಡು ಸಲ ಓದಿ ಹೇಳು. ಕೆಲ್ಸಕ್ಕೆ ಸೇರೋವಾಗ ಇರೋ ಕಾಯಿಲೇನ ಬೇಕಂತ್ಲೇ ಮುಚ್ಚಿಟ್ರೆ ಮಾಲೀಕರು ಆ ಜವಾಬ್ದಾರಿಯಿಂದ ಕೈ ತೊಳ್ಕೋಬಹುದು. ಏಜೆಂಟ್ "ಬಾಯಿ ಬಿಡ್ಬೇಡಿ" ಅಂತ ಹೇಳ್ಕೊಡ್ತಿರೋದು ಇದನ್ನೇ. ನಾಳೆ ನಡು ಸಮುದ್ರದಲ್ಲಿ ಕೈ ಕೆಲ್ಸ ಮಾಡ್ದೆ ಹೋದ್ರೆ ಕಂಪನಿ "ಇವ್ರು ಮೊದ್ಲೇ ಹೇಳಿಲ್ಲ" ಅನ್ನುತ್ತೆ, ಏಜೆಂಟ್ ಫೋನ್ ಎತ್ತಲ್ಲ. ಮೆಡಿಕಲ್ "ನೋಡ್ಕೊಳ್ಳೋಕೆ" ಕೇಳ್ತಿರೋ ದುಡ್ಡು ಲಂಚ, ಒಂದು ರೂಪಾಯಿನೂ ಕೊಡ್ಬೇಡಿ. ಕೆಲ್ಸ ಕೊಡಿಸೋಕೆ ಹಡಗಲ್ಲಿ ದುಡಿಯೋರ ಹತ್ರ ಫೀಸು ತಗೊಳ್ಳೋದೇ ತಪ್ಪು, ಪಾಸ್‌ಪೋರ್ಟು, ಮೆಡಿಕಲ್ ಸರ್ಟಿಫಿಕೇಟು, ಸಿಡಿಸಿ (ಹಡಗಿನ ಕೆಲ್ಸಗಾರರ ಗುರುತಿನ ಪುಸ್ತಕ) ಇಂಥದ್ದರ ಖರ್ಚು ಮಾತ್ರ ಹುಡುಗ್ರದ್ದು. ಆ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ (ಹಡಗಿನ ಕೆಲ್ಸಕ್ಕೆ ಜನ ಕಳ್ಸೋಕೆ ಸರ್ಕಾರ ಕೊಡೋ ಪರವಾನಗಿ) ಇದ್ಯಾ ಅಂತ ಮುಂಬೈನ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆ) ವೆಬ್‌ಸೈಟಲ್ಲಿ ನೋಡಿ, ಇಲ್ಲಾ ಅಂದ್ರೆ ಅಲ್ಲೇ ದೂರು ಕೊಡ್ಬಹುದು.

ಕೈ ವಿಷ್ಯ. ನಾನು ಡಾಕ್ಟರ್ ಅಲ್ಲ. ಆದ್ರೆ ರಾತ್ರಿ ಜೋಮು ಜಾಸ್ತಿ ಆಗೋದು, ಕೈ ಒದರಿದ್ರೆ ಸ್ವಲ್ಪ ಹಾಯಾಗೋದು, ಹಿಡಿತ ತಪ್ಪೋದು, ಇದೆಲ್ಲ ಮಣಿಕಟ್ಟಲ್ಲಿ ನರ ಒತ್ಕೊಂಡಾಗ ಆಗೋ ಕಾರ್ಪಲ್ ಟನಲ್ ತೊಂದರೆಗೆ ಹೋಲುತ್ತೆ. ಶುಗರ್, ಥೈರಾಯ್ಡ್, ಕತ್ತಿನ ನರದಿಂದ್ಲೂ ಬರ್ಬಹುದು, ಅದಕ್ಕೇ ಪರೀಕ್ಷೆ ಬೇಕು. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಕರ್ಕೊಂಡೋಗು, ಮೂಳೆ ಡಾಕ್ಟರಿಗೆ ತೋರ್ಸು, ನರದ ಟೆಸ್ಟ್ ಬೇಕಾ ಅಂತ ಬಾಯಿಬಿಟ್ಟು ಕೇಳು. ಬೇಗ ಹೋದ್ರೆ ರಾತ್ರಿ ಪಟ್ಟಿ ಕಟ್ಕೊಂಡು, ರೆಸ್ಟ್ ಕೊಟ್ಟು ಸರಿಹೋಗೋದುಂಟು, ಕೆಲವ್ರಿಗೆ ಇಂಜೆಕ್ಷನ್ನೋ ಸಣ್ಣ ಆಪರೇಷನ್ನೋ ಬೇಕಾಗುತ್ತೆ. ತೋರಿಸ್ದೆ ಹಾಗೇ ಬಿಟ್ಟು ದುಡೀತಾ ಹೋದ್ರೆ ಹೆಬ್ಬೆರಳ ಬುಡದ ಮಾಂಸ ಇಳಿದು ಹೋಗುತ್ತೆ, ಅದು ವಾಪಸ್ ಬರೋದು ಕಷ್ಟ. ಅವ್ರ ಎರಡೂ ಅಂಗೈ ಪಕ್ಕ ಪಕ್ಕ ಇಟ್ಟು ನೋಡು, ಬಲಗೈದು ಚಪ್ಪಟೆ ಆಗಿದ್ರೆ ಈ ವಾರಾನೇ ಹೋಗು.

ಸಾಲದ ಲೆಕ್ಕ ನೀವಿಬ್ರೂ ಒಟ್ಟಿಗೆ ಕೂತು ಹಾಕಿ, ಅತ್ತೆ ಮಾವನೂ ಇರ್ಲಿ. ಡಾಲರ್ ಸಂಬಳ ಅಂತ ಊರೆಲ್ಲ ಮಾತಾಡುತ್ತೆ, ಆದ್ರೆ ರಜದಲ್ಲಿ ಸ್ಟೀವರ್ಡ್‌ಗಳಿಗೆ ಸಾಮಾನ್ಯವಾಗಿ ಸಂಬಳ ಇರಲ್ಲ, ಹಾಗಾಗಿ ಎಂಟು ತಿಂಗಳ ದುಡ್ಡನ್ನ ರಜದ ತಿಂಗಳೂ ಸೇರಿಸಿ ಭಾಗಿಸ್ಬೇಕು, ಆಗ ನಿಜವಾದ ತಿಂಗಳ ಆದಾಯ ಕಾಣುತ್ತೆ. ಕಂತು ತಪ್ಪೋಕೆ ಮುಂಚೆನೇ ಬ್ಯಾಂಕ್ ಮ್ಯಾನೇಜರ್ ಹತ್ರ ಹೋಗಿ ಅವಧಿ ಜಾಸ್ತಿ ಮಾಡಿ ಕಂತು ಇಳಿಸೋಕಾಗುತ್ತಾ ಕೇಳಿ, ತಪ್ಪಿದ್ಮೇಲೆ ಹೋದ್ರೆ ಅವ್ರ ಮಾತೇ ಬೇರೆ ಥರ ಇರುತ್ತೆ. ಸಕಲೇಶಪುರ ಮೂಡಿಗೆರೆ ಕಡೆ ರೆಸಾರ್ಟು ಹೋಂಸ್ಟೇಗಳಿಗೆ ಹಡಗಲ್ಲಿ ಪಳಗಿದ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಸಿಗೋದು ಸುಲಭ ಅಲ್ಲ. ಸಂಬಳ ಹಡಗಿನಷ್ಟು ಬರಲ್ಲ, ಅದನ್ನ ಸುಳ್ಳು ಹೇಳಲ್ಲ, ಆದ್ರೆ ಕೈ ವಾಸಿಯಾಗೋವರೆಗೆ ಬೇರೆಯವ್ರ ಕೈಲಿ ಕೆಲ್ಸ ಮಾಡ್ಸೋ ಜಾಗ ಅದು, ಮಗಳೂ ಹತ್ರ ಇರ್ತಾಳೆ.

ಅವ್ರ ಹತ್ರ "ಹೋಗ್ಬೇಡಿ" ಅಂತ ಶುರು ಮಾಡ್ಬೇಡ. ಗಂಡಸ್ರಿಗೆ ಅದು ಸೋಲು ಥರ ಕೇಳ್ಸುತ್ತೆ. ಕೆಲ್ಸ ಹೆಂಗಿತ್ತು, ಕೈ ಮೊದ್ಲು ಯಾವಾಗ ನೋಯ್ತು, ಯಾರಿಗಾದ್ರೂ ಹೇಳಿದ್ರಾ ಅಂತ ಕೇಳು, ಮಧ್ಯೆ ಬಾಯಿ ಹಾಕ್ಬೇಡ. ಅವ್ರು ಹೇಳಿದ ದಿನಾಂಕ, ಕೆಲ್ಸ, ಜೊತೆಗಿದ್ದವ್ರ ಹೆಸ್ರು ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರ್ಕೋ, ಮುಂದೆ ಬೇಕಾಗುತ್ತೆ.

ಡಾಕ್ಟರಿಗೆ ತೋರ್ಸಿದ ದಿನಾನೇ ಅವ್ರು ತಮ್ಮ ಹೆಸ್ರಲ್ಲೇ ಕಂಪನಿಗೂ ಏಜೆನ್ಸಿಗೂ ಒಂದು ಮೇಲ್ ಕಳಿಸ್ಲಿ, ಫೋನಲ್ಲಿ ಹೇಳಿದ್ರೆ ಆಗಲ್ಲ. ಉದ್ದ ಕಥೆ ಬೇಡ: ಕಳೆದ ಕಾಂಟ್ರಾಕ್ಟ್‌ನಲ್ಲಿ ಕೆಲ್ಸ ಮಾಡ್ತಾ ಬಲಗೈ ನೋವು ಶುರುವಾಯ್ತು, ಈಗ ಚಿಕಿತ್ಸೆ ತಗೋತಿದ್ದೀನಿ, ಜಾಯಿನಿಂಗ್ ಡೇಟ್ ಮುಂದಕ್ಕೆ ಹಾಕಿ, ಚಿಕಿತ್ಸೆ ಖರ್ಚಿನ ಬಗ್ಗೆ ಬರವಣಿಗೇಲಿ ಉತ್ತರ ಕೊಡಿ. ರಿಪೋರ್ಟ್ ಜೊತೆಗಿರ್ಲಿ. ತಡವಾಗಿ ಹೇಳ್ತಿರೋದ್ರಿಂದ ಅವ್ರು ಒಪ್ಪೇ ಒಪ್ತಾರೆ ಅಂತ ಭರವಸೆ ಕೊಡೋಕಾಗಲ್ಲ, ಒಪ್ಪದಿದ್ರೆ ಕಾಂಟ್ರಾಕ್ಟಲ್ಲಿರೋ ಯೂನಿಯನ್‌ಗೋ ಐಟಿಎಫ್‌ಗೋ (ಸಾರಿಗೆ ಕೆಲ್ಸಗಾರರ ಅಂತರರಾಷ್ಟ್ರೀಯ ಒಕ್ಕೂಟ) ಇದೇ ಮೇಲ್ ಫಾರ್ವರ್ಡ್ ಮಾಡಿ. ಉತ್ತರ ಏನು ಬಂತು ಅಂತ ನಂಗೂ ತಿಳಿಸು ತಂಗಿ, ಅದನ್ನ ನೋಡ್ಕೊಂಡು ಮುಂದಿನದು ಮಾತಾಡೋಣ.